ಬಣ್ಣದ ಮೋರಿಗೊಬ್ಬ ಗುಮ್ಮ

ಕಾಲು ತೊಳೆಯದೆ ಹಾಸಿಗೆ ಹತ್ತುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಇದನ್ನು ಶುಚಿತ್ವವೆಂದು ತಿಳಿದು ನನ್ನನ್ನು ಹೊಗಳುವವರಿದ್ದಾರೆ. ನೆಂಟರ ಮನೆಯಲ್ಲಿ ಊಟವಾಗಿ ಎಲ್ಲರೂ ಗೋಡೆಗೊರಗಿ ಆಕಳಿಸುತ್ತಿರುವಾಗ ನಾನೊಬ್ಬ ಎದ್ದು ಬಚ್ಚಲಿಗೆ ಹೋಗುವುದನ್ನು ಕಂಡು, ನೋಡಿ ಕಲಿಯಿರೋ ಎಂದು ತಮ್ಮ ಮಕ್ಕಳಿಗೆ ಹೇಳುತ್ತಾರೆ.  ನಾನು ಕಾಲು ತೊಳೆಯುವುದು ಕೊಳೆಗೆ ಹೇಸಿ ಅಲ್ಲ, ಕಾಲುನೆಕ್ಕಿಗೆ ಹೆದರಿ.

ಕಾಲುನೆಕ್ಕಿ ಯಾರೆಂದು ನಿಮಗೆ ಗೊತ್ತಿರಲಾರದು. ಅದು ನಮ್ಮಜ್ಜಿಯ ಸೃಷ್ಟಿ. ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಇರುತ್ತದೆ. ಗೇಣುದ್ದದ ತಣ್ಣನೆಯ ನಾಲಿಗೆ. ತೊಳೆಯದ ಕಾಲು ಸಿಕ್ಕಿತೋ, ಹಿಮ್ಮಡಿಯಿಂದ ನೆಕ್ಕಲು ಶುರುಮಾಡಿ ಕೋಳಿ ಕೂಗುವುದರೊಳಗೆ ಮೊಣಕಾಲಿನ ತನಕ ಮುಗಿಸಿಬಿಡುತ್ತದೆ. ನೆಲಮಂಗಲದ ಕಡೆಯ ನಮ್ಮ ಮನೆಯಲ್ಲಿ ಮಂಚವೇ ಇರಲಿಲ್ಲ, ನಾವೆಲ್ಲ ಚಾಪೆಯ ಮೇಲೆ ಮಲಗುತ್ತಿದ್ದೆವು ಎಂಬ ಸಂಗತಿ ನನಗೆ ಹೊಳೆದದ್ದು ಮದುವೆಯಾಗಿ ಮಂಚ ಕೊಂಡ ಮೇಲೆ. ಹೊಳೆದು ಪ್ರಯೋಜನವೇನು? ಅಲ್ಲಿಯ ತನಕ ಜಾಗವಿಲ್ಲದೆ ಅಲೆಯುತ್ತಿದ್ದ ಪ್ರಾಣಿಗೆ ನಾನೇ ಕೈಯಾರೆ ಮನೆ ಮಾಡಿಕೊಟ್ಟ ಹಾಗಾಯಿತು.

ಅಜ್ಜಿಯ ಬಳಿ ಒಂದೊಂದು ಒಳ್ಳೆಯ ಅಭ್ಯಾಸಕ್ಕೂ ಒಬ್ಬೊಬ್ಬ ಕಾವಲುಗಾರನಿದ್ದ. ಉಗುರು ಕತ್ತರಿಸದವರ ಬೆರಳ ತುದಿಯಲ್ಲಿ ಉಗುರಜ್ಜಿ ಬಂದು ಸೊಪ್ಪು ಬಿತ್ತುತ್ತಿದ್ದಳು. ಹಲ್ಲುಜ್ಜದವರ ಬಾಯಲ್ಲಿ ಒಬ್ಬ ಬಿಡಾರ ಹೂಡುತ್ತಿದ್ದ, ಅವನ ಹೆಸರು ಈಗ ಮರೆತಿದೆ, ಆದರೆ ಹಲ್ಲುಜ್ಜುವುದು ಮರೆತಿಲ್ಲ. ಅಜ್ಜಿಯನ್ನು ನಾನು ತಪ್ಪೆನ್ನಲಾರೆ. ನಮ್ಮ ಹಿರಿಯರ ಮಾತಿನಲ್ಲೇ ಭಯ ಮುಂದೆ, ಭಕ್ತಿ ಹಿಂದೆ. ಭಕ್ತಿಭಯ ಎಂದವರನ್ನು ನಾನು ಕೇಳಿಲ್ಲ. ಹರಿಕಥೆಯಲ್ಲೂ ಅಷ್ಟೆ. ಒಬ್ಬ ಮಹಾರಾಜ ಒಂದೇ ಒಂದು ಸಂಜೆ ಹಿಮ್ಮಡಿ ಸರಿಯಾಗಿ ನೆನೆಯದಂತೆ ಕಾಲು ತೊಳೆದನಂತೆ, ಆ ಒಣಗಿದ ಜಾಗದಿಂದಲೇ ಶನಿ ಒಳಗೆ ಹೊಕ್ಕು ರಾಜ್ಯ ಕೋಶ ಎಲ್ಲ ಕಳೆದನಂತೆ. ರಾಜನ ಗತಿಯೇ ಹೀಗಾದರೆ ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತನಾಗಿರುವ ನನ್ನ ಗತಿ ಏನು? ನಾನು ಹಿಮ್ಮಡಿಯನ್ನು ಎರಡೆರಡು ಸಲ ತಿಕ್ಕುತ್ತೇನೆ.

ನನ್ನ ಹೆಂಡತಿ ಸರೋಜ ಬಾಲವಾಡಿಯ ಟೀಚರು. ಮಗಳು ಪುಟ್ಟಿಗೆ ಮಾತು ಬರುವ ಹೊತ್ತಿಗೇ ಅವಳು ನನ್ನನ್ನು ಕೂರಿಸಿಕೊಂಡು, ನಿಮ್ಮಜ್ಜಿಯ ಪರಿವಾರವೆಲ್ಲ ನಿಮ್ಮ ಹತ್ತಿರವೇ ಇರಲಿ, ಮಗುವಿನ ಹತ್ತಿರ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಯಾಕೆ ಏನು ಎಂದು ತಿಳಿಸಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದಂತೆ. ನಾನು ಒಪ್ಪಿದೆ. ಗುಮ್ಮನಿಗಿಂತ ಹೆಚ್ಚು ನಾನು ಹೆದರುವವರ ಪೈಕಿ ಸರೋಜ ಒಬ್ಬಳು.

ಅವಳು ಕಲಿಸುವ ರೀತಿಯೂ ಚೆನ್ನಾಗಿತ್ತು. ಎರಡು ಕೈ ಎಂದರೆ ಅಕ್ಕ ತಂಗಿ. ಮೊದಲು ಅಕ್ಕ ತಂಗಿಯ ಬೆನ್ನು ತಿಕ್ಕಬೇಕು, ಆಮೇಲೆ ತಂಗಿ ಅಕ್ಕನ ಬೆನ್ನು. ಆಮೇಲೆ ಇಬ್ಬರೂ ಬೆರಳು ಹೆಣೆದುಕೊಂಡು ಜಗಳ, ಮತ್ತೆ ರಾಜಿ. ಪುಟ್ಟಿ ಇದನ್ನು ಹೇಗೆ ಹಿಡಿದುಕೊಂಡಳೆಂದರೆ, ಕೈ ತೊಳೆಯದೆ ಒಂದು ಪುರಿ ಕಾಳು ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಕಂಡಕ್ಟರನ್ನು, ಮಾಮ ಕೈ ತೊಳೆದ್ಯಾ ಎಂದು ಕೇಳಿ ನಮ್ಮಿಬ್ಬರನ್ನೂ ಕಿಟಕಿಯ ಕಡೆ ನೋಡುವ ಹಾಗೆ ಮಾಡಿದ್ದಳು.

ನನಗೆ ಹೆಮ್ಮೆಯಾಗುತ್ತಿತ್ತು, ಜೊತೆಗೆ ದಿಗಿಲೂ ಆಗುತ್ತಿತ್ತು. ಈ ಹುಡುಗಿ ಕತ್ತಲೆಗೆ ಹೆದರಳು, ನಾಯಿಗೆ ಹೆದರಳು. ಒಂದು ಮನೆ ಎಂದಮೇಲೆ ಅದಕ್ಕೆ ಇಷ್ಟು ಭಯ ಎಂದು ಹಣೆಯಲ್ಲಿ ಬರೆದಿರುತ್ತದೋ ಏನೋ, ಅವಳ ಪಾಲಿನದೂ ನನ್ನ ತಲೆಗೇ ಬಂದು ಬಿತ್ತು. ಕುಡಿಯುವ ನೀರನ್ನು ಕುದಿಸಿ, ಶೋಧಿಸಿ, ಮತ್ತೆ ಕುದಿಸುತ್ತಿದ್ದೆ. ಅವಳು ಕೆಮ್ಮಿದರೆ ನನಗೆ ಜ್ವರ.

ಎಲ್ಲಕ್ಕಿಂತ ಹೆಚ್ಚು ನಾನು ಹೆದರುತ್ತಿದ್ದದ್ದು ಮನೆಯ ಹಿಂದಿನ ಮೋರಿಗೆ. ನಾವಿದ್ದದ್ದು ಬಾಗಲಗುಂಟೆಯಲ್ಲಿ, ಗಂಗಮ್ಮನವರು ತಮ್ಮ ಹೊಲದ ಅಂಚಿನಲ್ಲಿ ಸಾಲಾಗಿ ಕಟ್ಟಿಸಿದ ಬಾಡಿಗೆ ಮನೆಗಳಲ್ಲಿ ಒಂದರಲ್ಲಿ. ಹೊಲ ದಾಟಿದರೆ ಸಾಲು ಸಾಲು ಶೆಡ್ಡುಗಳು. ಅವುಗಳಲ್ಲಿ ಕೆಲವು ಕಬ್ಬಿಣಕ್ಕೆ ಹೊಳಪಿನ ಲೇಪ ಹಾಕುವ ಶೆಡ್ಡುಗಳು. ಅವರು ಕೆಲಸ ಮುಗಿಸಿ ಚೆಲ್ಲಿದ ನೀರು ಆ ಮೋರಿಯಲ್ಲಿ ಹರಿದು ಬರುತ್ತಿತ್ತು. ಒಂದು ದಿನ ಗಿಣಿಹಸಿರು, ಇನ್ನೊಂದು ದಿನ ಅರಿಸಿನ, ಕೆಲವು ದಿನ ನವಿಲುಗರಿಯ ಹಾಗೆ ಯಾವ ಬಣ್ಣವೆಂದು ಹೇಳಲಾಗದ ಬಣ್ಣ. ನಮ್ಮ ಸ್ಟೋರಿಗೂ ಆ ಲೇಪಕ್ಕೆ ಬಳಸುವ ರಾಸಾಯನಿಕದ ಡ್ರಮ್ಮುಗಳು ಬರುತ್ತಿದ್ದವು, ಮೈಮೇಲೆ ತಲೆಬುರುಡೆಯ ಚಿತ್ರ ಹೊತ್ತುಕೊಂಡು. ಡ್ರಮ್ಮಿಗೆ ಬುರುಡೆ ಇದೆ, ಅದರಿಂದ ಹೊರಬಿದ್ದ ನೀರಿಗೆ ಬುರುಡೆ ಬರೆಯುವವರು ಯಾರು?

ಅಜ್ಜಿಯ ಗುಮ್ಮಂದಿರೆಲ್ಲ ಕಪ್ಪಗೆ, ಕೂದಲು ಕೆದರಿಕೊಂಡು, ನಾರುತ್ತಿದ್ದರು. ಹೆದರುವುದು ಸುಲಭವಾಗಿತ್ತು. ಚಂದವಾಗಿರುವುದಕ್ಕೆ ಹೆದರುವುದನ್ನು ಅವಳು ಕಲಿಸಿರಲಿಲ್ಲ, ಅವಳ ಕಾಲದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಸರೋಜ ತನ್ನ ಕ್ರಮದಲ್ಲೇ ಪುಟ್ಟಿಯನ್ನು ಕರೆದುಕೊಂಡು ಹೋಗಿ, ಇದು ಕೊಳೆ ನೀರು, ಮುಟ್ಟಬಾರದು ಎಂದು ತಿಳಿಸಿ ಹೇಳಿದಳು. ಪುಟ್ಟಿ ಬಗ್ಗಿ ನೋಡಿದಳು. ತಳದ ಕಲ್ಲುಗಳು ಕನ್ನಡಿಯಲ್ಲಿಟ್ಟ ಹಾಗೆ ಕಾಣುತ್ತಿದ್ದವು.

"ಕೊಳೆ ಎಲ್ಲಿದೆ ಅಮ್ಮ?" ಎಂದಳು.

 ಸರೋಜ ಅವಳ ಕೈ ಹಿಡಿದು ಮನೆಗೆ ಕರೆತಂದಳು.

ಅದಾಗಿ ಸ್ವಲ್ಪ ದಿನಕ್ಕೆ ಪುಟ್ಟಿಗೆ ಶೀತವಾಗಿ ಬಾಲವಾಡಿಗೆ ಹೋಗಲಿಲ್ಲ. ನನಗೆ ಸೆಕೆಂಡ್ ಶಿಫ್ಟ್, ಬೆಳಿಗ್ಗೆ ಮನೆಯಲ್ಲೇ ಇದ್ದೆ. ಸೀಮೆಎಣ್ಣೆ ಸ್ಟೌವಿನ ಮುಂದೆ ಕೂತು ಅವಳಿಗೆಂದೇ ನೀರು ಕುದಿಸುತ್ತಿದ್ದೆ. ನೀರು ಕುದಿದು, ಇಳಿಸಿ, ಬಟ್ಟೆ ಕಟ್ಟಿ ಶೋಧಿಸಿ ತಲೆಯೆತ್ತಿದರೆ ಅಂಗಳದಲ್ಲಿ ಪುಟ್ಟಿ ಇಲ್ಲ. ಗಂಗಮ್ಮನವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದರು.

"ಈಗಿನ್ನೂ ಒಂದಿಡಿ ಕಡ್ಲೆಕಾಯ್ ಕೊಟ್ಟೆ ಕಣಪ್ಪ," ಎಂದರು. "ಆ ಉಡುಗ್ರ ಜೊತೆ ಶೆಡ್ಡಿನ್ ಕಡೀಕೆ ಓದ್ಲು."

ಆ ಹೊಲದ ಬದುವಿನ ಮೇಲೆ ನಾನು ಹೇಗೆ ಓಡಿದೆನೋ ನನಗೆ ತಿಳಿಯದು. ಮೋರಿಯ ಚಪ್ಪಡಿಯ ಮೇಲೆ ಅಕ್ಕಪಕ್ಕದ ಮನೆಯ ಮಕ್ಕಳು ಅಂಗಡಿ ಹೂಡಿದ್ದರು. ಸಾಲಾಗಿ ತೆಂಗಿನ ಚಿಪ್ಪು, ಚಿಪ್ಪಿನ ತುಂಬ ಗಿಣಿಹಸಿರು ನೀರು. ಅಂಗಡಿಯ ನಡುವೆ ಪುಟ್ಟಿ. ಅವಳ ಎರಡು ಕೈಯೂ ಮಣಿಕಟ್ಟಿನ ತನಕ ಹಸಿರು. ತುಟಿಯ ಮೇಲೆ ಕಡಲೆಕಾಯಿಯ ಕೆಂಪು ಸಿಪ್ಪೆ. ನನ್ನನ್ನು ಕಂಡು ಮುಖವರಳಿಸಿ, ಒಂದು ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಅಪ್ಪ, ಶರಬತ್ತು ತಗೋ."

"ಕುಡಿದ್ಯಾ?" ಎಂದೆ. ಎಂದೆ ಎನ್ನುವುದು ಸುಳ್ಳು, ಕಿರುಚಿದೆ. ಮಕ್ಕಳೆಲ್ಲ ಚಿಪ್ಪು ಬಿಟ್ಟು ಓಡಿದರು. ಪುಟ್ಟಿಯ ಕೈಯಲ್ಲಿದ್ದ ಚಿಪ್ಪು ಬಿತ್ತು. ಅವಳ ಬಾಯಿ ಮುಚ್ಚಿಕೊಂಡಿತು.

ಹೊತ್ತು ತಂದು ಬೋರಿಂಗಿನ ಕೆಳಗೆ ಅವಳ ಕೈಯಿಟ್ಟೆ. ಗಂಗಮ್ಮನವರು ಬಂದು ಪಂಪು ಒತ್ತಿದರು. ನನ್ನ ಕೈ ಹೇಗೆ ನಡುಗುತ್ತಿತ್ತೆಂದರೆ ಸೋಪು ನಿಲ್ಲುತ್ತಿರಲಿಲ್ಲ, ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಹಸಿರು ಹೋಗುತ್ತಿಲ್ಲ. ನಾನು ತಿಕ್ಕುತ್ತಾ, ಕುಡಿದ್ಯಾ ಪುಟ್ಟಿ, ಕುಡಿದ್ಯಾ ಎಂದು ಕೇಳುತ್ತಲೇ ಇದ್ದೇನೆ. ಅವಳು ನನ್ನ ಕೈಯನ್ನೇ ನೋಡುತ್ತಾ ತುಟಿ ಬಿಗಿದಿದ್ದಾಳೆ.

"ಇದೇ ಕಾಲ್ವೆನಾಗೆ ನಮ್ ಮಕ್ಳಿಗೆ ಮೈ ತೊಳೀತಿದ್ವಿ ಕಣಪ್ಪ," ಎಂದು ಗಂಗಮ್ಮನವರು ಯಾರಿಗೋ ಎಂಬಂತೆ ಹೇಳುತ್ತಿದ್ದರು. "ಈಗ ಎಮ್ಮೇನೂ ಮೂಸಾಕಿಲ್ಲ." 

ಮುಖ್ಯರಸ್ತೆಯ ಡಾಕ್ಟರು ಕೇಳಿದ್ದೂ ಅದೇ ಪ್ರಶ್ನೆ. ಕುಡಿದಿದ್ದಾಳೋ ಇಲ್ಲವೋ ತಿಳಿಯದಿದ್ದರೆ ತಡಮಾಡುವಂತಿಲ್ಲ, ಊರೊಳಗಿನ ದೊಡ್ಡಾಸ್ಪತ್ರೆಗೆ ಒಯ್ದು ಹೊಟ್ಟೆ ತೊಳೆಸಬೇಕು ಎಂದರು. ಅಷ್ಟು ಪುಟ್ಟ ಮೂಗಿನಲ್ಲಿ ಕೊಳವೆ ಇಳಿಸುವುದನ್ನು ನೆನೆದು ಅವಳನ್ನು ಎದೆಗೆ ಅವುಚಿಕೊಂಡೆ. ಪುಟ್ಟಿ ನನ್ನ ಮುಖ ನೋಡಿದಳು, ಇನ್ನಷ್ಟು ಮುದುಡಿದಳು. ಆಗ ನನಗೆ ತಿಳಿಯಿತು. ಇವಳು ಹುಟ್ಟಿದಂದಿನಿಂದ ಕಾಣದ ಗುಮ್ಮನನ್ನು ಈಗ ಕಾಣುತ್ತಿದ್ದಾಳೆ, ಆ ಗುಮ್ಮನಿಗೆ ನನ್ನದೇ ಮೂಗು, ನನ್ನದೇ ಮೀಸೆ.

ಅಷ್ಟರಲ್ಲಿ ಶರಬತ್ತಿನಂಗಡಿಯ ಸುದ್ದಿ ಆ ಮಕ್ಕಳಿಂದ ತಿಳಿದು ಸರೋಜ ಓಡಿ ಬಂದಳು. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದಳು.

ಪರದೆಯ ಆಚೆ ನಿಂತೆ. ಸರೋಜ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಸದ್ದು ಕೇಳಿತು. ಆಮೇಲೆ ಅವಳ ದನಿ, ಎಲ್ಲಿಂದ ತಂದಳೋ ಅಷ್ಟು ನಿರಾಳವಾದ ದನಿ.

"ಏನಮ್ಮಾ ಅಂಗಡಿಯವರೇ, ಬಿಸಿಲಲ್ಲಿ ಬಂದಿದೀನಿ. ಒಂದು ಚಿಪ್ಪು ಶರಬತ್ತು ಕೊಡಿ."

 ಕಾಂಪೌಂಡರು ಬಾಟಲಿ ಅಲ್ಲಾಡಿಸುವುದನ್ನು ನಿಲ್ಲಿಸಿದರು.

"ಅದು ಕುಡಿಯೋದಲ್ಲ," ಎಂದಿತು ಸಣ್ಣ ದನಿ. "ಆಟದ್ದು."

"ಹೌದಾ? ನೀವು ರುಚಿ ನೋಡಲಿಲ್ವಾ?"

"ಇಲ್ಲ. ಅಂಗಡಿಯೋರು ಕುಡೀಬಾರ್ದು. ಖಾಲಿ ಆಗೋಗತ್ತೆ."

ನಾನು ಗೋಡೆಗೆ ಒರಗಿದೆ. ಆದರೆ ಸರೋಜ ಅಲ್ಲಿಗೇ ಬಿಡಲಿಲ್ಲ.

"ಮತ್ತೆ ಅಕ್ಕ ತಂಗಿ ಇಬ್ಬರೂ ಯಾಕೆ ಹಸಿರು ಸೀರೆ ಉಟ್ಟಿದಾರೆ?"

"ಕಡ್ಲೆಕಾಯ್ ತಿನ್ನಬೇಕಿತ್ತಲ್ಲ ಅಮ್ಮ," ಎಂದಳು ಪುಟ್ಟಿ, ಪಾಠ ಒಪ್ಪಿಸುವ ಹೆಮ್ಮೆಯಲ್ಲಿ. "ಅದಕ್ಕೆ ಕೈ ತೊಳ್ಕೊಂಡೆ. ಅಕ್ಕ ತಂಗಿ ಬೆನ್ನು ತಿಕ್ಕಿದ್ಳು, ತಂಗಿ ಅಕ್ಕನ ಬೆನ್ನು ತಿಕ್ಕಿದ್ಳು."

ಪರದೆ ಸರಿಸಿ ನೋಡಿದೆ. ಸರೋಜಳ ಮುಖ ಬಿಳಿಚಿಕೊಂಡಿತ್ತು. ಎರಡು ವರ್ಷ ಪ್ರೀತಿಯಿಂದ ಕಲಿಸಿದ ಅಭ್ಯಾಸ. ಒಂದು ಬೆರಳ ಸಂದಿಯನ್ನೂ ಬಿಡದೆ ಮಗು ಮಾಡಿ ತೋರಿಸಿತ್ತು. ಕೈ ತೊಳೆ ಎಂದು ಕಲಿಸಿದ್ದೆವು. ಯಾವ ನೀರಿನಲ್ಲಿ ಎಂದು ಕಲಿಸಬೇಕಾಗುತ್ತದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರು ಅವಳ ಬಾಯಿ, ನಾಲಿಗೆ, ಗಂಟಲು ಎಲ್ಲ ದೀಪ ಹಿಡಿದು ನೋಡಿದರು. ಕುಡಿದಿಲ್ಲವಾದ್ದರಿಂದ ಒಳಗೆ ಹೋಗಿದ್ದರೂ ಅತಿ ಸ್ವಲ್ಪ, ಸಂಜೆಯ ತನಕ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ವಾಂತಿಯಾದರೆ, ಹೊಟ್ಟೆ ನೋವೆಂದರೆ, ಒಂದು ನಿಮಿಷವೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು.

ಆ ಮಧ್ಯಾಹ್ನವನ್ನು ನಾನು ಹೇಗೆ ವರ್ಣಿಸಲಿ? ಶಿಫ್ಟಿನ ಸೈರನ್ ಕೂಗಿತು, ನಾನು ಏಳಲಿಲ್ಲ. ಪುಟ್ಟಿಯನ್ನು ಚಾಪೆಯ ಮೇಲೆ ಕೂರಿಸಿ ನಾವಿಬ್ಬರೂ ಎದುರಿಗೆ ಕೂತೆವು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಅವಳು ಆಕಳಿಸಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಸೀನಿದರೆ ಸರೋಜ ನನ್ನ ತೋಳು ಹಿಡಿಯುತ್ತಿದ್ದಳು. ಶೀತವಿದ್ದ ಮಗು, ಸೀನದೆ ಇನ್ನೇನು ಮಾಡೀತು? ನಿದ್ದೆ ಬರುತ್ತದೆ ಎಂದಾಗ ಮಲಗಿಸಲೂ ಭಯ, ಎಚ್ಚರವಿಡಲೂ ಭಯ. ಮಲಗಿದ ಮೇಲೆ ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ. ಕಾಲುನೆಕ್ಕಿ, ಉಗುರಜ್ಜಿ, ಶನಿ ಎಲ್ಲ ಆ ಹೊತ್ತಿನಲ್ಲಿ ನನಗೆ ಬಂಧುಗಳ ಹಾಗೆ ಕಂಡರು. ಕಾಲು ತೊಳೆದರೆ ಸಾಕು, ಬಿಟ್ಟುಬಿಡುವಷ್ಟು ನ್ಯಾಯವಂತರು.

ಹೊತ್ತು ಇಳಿಯುವಾಗ ಪುಟ್ಟಿ ಎದ್ದು ಕೂತು ಹಸಿವು ಎಂದಳು. ಸರೋಜ ಬಿಸಿ ಅನ್ನ ಕಲಸಿ ತಂದಳು. ಪುಟ್ಟಿ ತಟ್ಟೆ ನೋಡಿದಳು, ತನ್ನ ಹಸಿರು ಕೈ ನೋಡಿದಳು, ಆಮೇಲೆ ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ, ಕೈ ತೊಳೀಬೇಕಾ ಎಂದು ಕೇಳಿದಳು. ಸರೋಜ ಅತ್ತದ್ದು ಆಗಲೇ. ಅವತ್ತು ತುತ್ತು ಮಾಡಿ ಅವಳೇ ತಿನ್ನಿಸಿದಳು. ಬೇರೇನೂ ಆಗಲಿಲ್ಲ.

ಮಾರನೆಯ ದಿನ ಸರೋಜ ನನ್ನ ಮುಖ ನೋಡದೆ, ನಿಮ್ಮಜ್ಜಿ ಇದ್ದಿದ್ದರೆ ಆ ಮೋರಿಯ ಬಗ್ಗೆ ಏನು ಹೇಳುತ್ತಿದ್ದರು ಎಂದಳು. ಗುಮ್ಮಂದಿರಿಗೆ ಈ ಮನೆಯಲ್ಲಿ ಮತ್ತೆ ಕರೆ ಬಂದಿತೆಂದು ತಿಳಿದು ನಾನು ವಂಶದ ವಿದ್ಯೆಯನ್ನೆಲ್ಲ ಧಾರೆಯೆರೆದೆ. ಮೋರಿಯ ತಳದಲ್ಲಿ ಹಸಿರುಗೈಯ ಎಂಬವನಿದ್ದಾನೆ, ಅವನ ಮೈಯೆಲ್ಲ ಹಸಿರು, ಹತ್ತಿರ ಬಂದ ಮಕ್ಕಳ ಕೈ ಹಿಡಿದು ಎಳೆಯುತ್ತಾನೆ ಎಂದು ದನಿ ತಗ್ಗಿಸಿ ಹೇಳಿದೆ. ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಪುಟ್ಟಿ ಕಣ್ಣರಳಿಸಿ ಕೇಳಿದಳು.

"ಅವನಿಗೆ ಯಾರೂ ಕೈ ತೊಳೆಸಲ್ವಾ? ಪಾಪ," ಎಂದಳು. "ನಮ್ಮನೆ ನೀರು ತಗೊಂಡ್ಹೋಗಿ ತೊಳೆದು ಬರೋಣ ಬಾ."

ಹಸಿರುಗೈಯನನ್ನು ಅವತ್ತೇ ಕೆಲಸದಿಂದ ತೆಗೆದುಹಾಕಿದೆವು.

ಆಮೇಲೆ ನಮಗೆ ಉಳಿದದ್ದು ಕಾವಲು. ಮೋರಿಯ ಕಡೆಗೆ ಬೇಲಿ ಕಟ್ಟಿದೆ, ಗಂಗಮ್ಮನವರು ಮುಳ್ಳು ತಂದು ಒಡ್ಡಿದರು. ಮುಳ್ಳನ್ನು ಸರಿಸುವುದು ಮಕ್ಕಳಿಗೆ ಇನ್ನೊಂದು ಆಟವಾಯಿತು. ಒಂದು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಅದೇ ಮಕ್ಕಳು ಅಂಗಳದಲ್ಲಿ ನಿಂತು ಪುಟ್ಟಿಯನ್ನು ಕರೆಯುತ್ತಿದ್ದಾರೆ. ಇವತ್ತು ಅರಿಸಿನ ಬಣ್ಣ ಬಂದಿದೆಯಂತೆ.  ಬಾಗಿಲಿಗೆ ಓಡಬೇಕೆಂದವನು, ಹೇಗೋ ನಿಂತೆ.

ಪುಟ್ಟಿ ಜಗಲಿಯಿಂದ ಏಳಲಿಲ್ಲ.

"ನಾನು ಬರಲ್ಲ. ನೀವೂ ಹೋಗ್ಬೇಡ್ರೋ," ಎಂದಳು. "ನಮ್ಮಪ್ಪಂಗೆ ಭಯ ಆಗತ್ತೆ. ಕೈ ಹಿಂಗಿಂಗೆ ನಡುಗತ್ತೆ." ತನ್ನ ಎರಡು ಕೈ ಚಾಚಿ ನಡುಗಿಸಿ ತೋರಿಸಿದಳು. ಬೆರಳ ಸಂದಿಯಲ್ಲಿ ಇನ್ನೂ ತೆಳುವಾಗಿ ಹಸಿರಿತ್ತು.

"ಅಷ್ಟು ದೊಡ್ಡೋರಿಗಾ?" ಎಂದ ಒಬ್ಬ.

"ಹೂಂ. ಪಾಪ."

ಮಕ್ಕಳು ಮೋರಿಯ ಕಡೆ ಒಮ್ಮೆ ನೋಡಿ ಅಂಗಳದಲ್ಲೇ ಗೋಲಿಯಾಡಲು ಕೂತರು.

ಇದಾಗಿ ಬಹಳ ದಿನವೇನೂ ಆಗಿಲ್ಲ. ಆಗಾಗ ಅಜ್ಜಿಯನ್ನು ನೆನೆಯುತ್ತೇನೆ. ದೀಪವಿಲ್ಲದ ಮನೆ, ಬರಿಗಾಲಿನ ಮಕ್ಕಳು, ಹಿಮ್ಮಡಿಯಲ್ಲಿ ಮುಳ್ಳೋ ಗಾಯವೋ ಏನಿದೆಯೆಂದು ಕತ್ತಲಲ್ಲಿ ತಡವಿ ನೋಡುವ ಒಂದು ಕೈ. ಆ ಕೈ ನಡುಗುತ್ತಿತ್ತೇ? ಕಾಲುನೆಕ್ಕಿಯನ್ನು ನೋಡುವುದರಲ್ಲೇ ಮುಳುಗಿದ್ದ ನಾನು ಅದನ್ನು ಗಮನಿಸಿರಲಿಲ್ಲ.

ನಿನ್ನೆ ಮಲಗುವ ಮುಂಚೆ ಹಿಮ್ಮಡಿ ತಿಕ್ಕುತ್ತಿದ್ದಾಗ ಪುಟ್ಟಿ ಬಂದು, ಒಂದು ಸಲ ತಿಕ್ಕಿದೆಯಲ್ಲ, ಮತ್ತೆ ಯಾಕೆ ಎಂದಳು. ಸರೋಜ ಹತ್ತಿರದಲ್ಲಿಲ್ಲವೆಂದು ಖಾತರಿ ಮಾಡಿಕೊಂಡು ಕಾಲುನೆಕ್ಕಿಯ ವಿಷಯ ಹೇಳಿಬಿಟ್ಟೆ.  ಅವಳು ಒಳಗೆ ಹೋಗಿ, ಮಂಚದ ಕೆಳಗೆ ಪೂರ್ತಿ ತೂರಿ, ಗೋಡೆಯ ತನಕ ಹೋಗಿ, ತಲೆಯ ತುಂಬ ಜೇಡರ ಬಲೆ ಅಂಟಿಸಿಕೊಂಡು ಹೊರಗೆ ಬಂದಳು.

"ಯಾರೂ ಇಲ್ಲಪ್ಪ. ನಾನು ನೋಡ್ದೆ. ಮಲ್ಕೋ," ಎಂದಳು. ಆಮೇಲೆ ತಾನಾಗಿಯೇ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು.

ಮಲಗಿದೆ. ಕಾಲನ್ನು ಮಾತ್ರ ಹೊದಿಕೆಯ ಒಳಗೇ ಇಟ್ಟುಕೊಂಡೆ.