ಕೆಳಗಿನ ಬಾಗಿಲು, ಮೇಲಿನ ಬಾಗಿಲು: ರಾನ್ ಅಕ್ಕನ ಬಿಳಿ ಕಾರು

ಮಂಜು ಇನ್ನೂ ನದಿ ಬಿಟ್ಟು ಎದ್ದಿಲ್ಲ. ಮೇಲಿನ ರಸ್ತೆಯಲ್ಲಿ, ನಮ್ಮ ಕಟ್ಟಡದ ಬೀದಿಬಾಗಿಲ ಎದುರು, ರಾನ್ ಸೂಯುನ್ ತಮ್ಮ ಬಿಳಿ ಕಾರಿನ ಹಿಂದಿನ ಸೀಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಯಾಗಿದೆ. ಕಾರು ಹತ್ತಿದವರಿಗೆ ಮೊದಲು ಬಿಸಿನೀರು, ಆಮೇಲೆ ಮಾತು. ಇದು ಅವರ ಪದ್ಧತಿ. ಪಕ್ಕದ ನೂಡಲ್ಸ್ ಅಂಗಡಿಯಾಕೆ ಕುದಿಯುವ ಹಂಡೆಯ ಹಬೆಯೊಳಗಿನಿಂದಲೇ ಕೆಣಕುತ್ತಾರೆ.

“ಇಷ್ಟು ತಿಕ್ಕಿದ್ರೆ ಬಣ್ಣ ಹೋಗಿ ತಗಡು ಕಾಣುತ್ತೆ ಕಣೆ. ಗಂಡನ ಮುಖಾನ ಯಾವತ್ತಾದ್ರೂ ಹೀಗೆ ಒರೆಸಿದ್ಯಾ?”

“ಗಂಡನಿಗೆ ಗಿರಾಕಿಗಳು ಸ್ಟಾರ್ ಕೊಡಲ್ಲವಲ್ಲ,” ಎನ್ನುತ್ತಾರೆ ರಾನ್ ಅಕ್ಕ, ತಲೆಯೆತ್ತದೆ.

ನಗುತ್ತಾರೆ ಸರಿ, ಆದರೆ ಬಟ್ಟೆ ಹಿಂಡುವ ಕೈ ಇವತ್ತು ಸ್ವಲ್ಪ ಬಿಗಿಯಾಗಿದೆ. ಟ್ಯಾಕ್ಸಿ ಕಂಪನಿ ಅವರನ್ನು ವಿಮಾನ ನಿಲ್ದಾಣದ ಕೆಲಸದಿಂದ ಒಂದು ತಿಂಗಳು ದೂರ ಇಟ್ಟಿತ್ತು. ಶಿಕ್ಷೆ ಮುಗಿದು ಇವತ್ತು ಮೊದಲ ಸವಾರಿ. ಇನ್ನೊಂದೇ ಒಂದು ದೂರು ಬಂದರೆ ಆ ಕೆಲಸದ ಪಟ್ಟಿಯಿಂದ ಹೆಸರು ಕಾಯಂ ಆಗಿ ಕಿತ್ತುಹಾಕುತ್ತೇವೆ ಎಂದು ಮ್ಯಾನೇಜರ್ ಲಿಯಾವ್ ಖಡಾಖಂಡಿತವಾಗಿ ಹೇಳಿದ್ದಾರೆ. ಊರೊಳಗಿನ ಚಿಲ್ಲರೆ ಸವಾರಿ ಆಗಲೂ ಸಿಗುತ್ತದೆ, ಹೊಟ್ಟೆಗೇನೂ ತತ್ವಾರವಿಲ್ಲ. ಆದರೆ ಐವತ್ತು ದಾಟಿದ ಈ ಹೆಂಗಸಿಗೆ ಅಭಿಮಾನ ಇರುವುದು ಆ ಒಂದೇ ಕೆಲಸದ ಮೇಲೆ. “ಊರಿಗೆ ಬಂದವರು ಮೊದಲು ನೋಡೋ ಮುಖ ನಂದು. ಹೋಗುವಾಗ ಕೊನೇಗೆ ನೋಡೋದೂ ನಂದೇ. ಮಧ್ಯದಲ್ಲಿ ಅವರು ಏನು ಬೇಕಾದ್ರೂ ನೋಡ್ಕೊಳ್ಳಲಿ ಬಿಡಿ,” ಎನ್ನುತ್ತಾರೆ.

ಅವರು ಮಾಡಿದ ತಪ್ಪಾದರೂ ಎಂಥದ್ದು? ಚೋಂಗ್‌ಚಿಂಗ್‌ನವರು ಬಿಟ್ಟು ಬೇರೆ ಯಾರೂ ಮಾಡಲಾಗದ ತಪ್ಪು. ನಮ್ಮದು ಗುಡ್ಡಕ್ಕೆ ಆತುಕೊಂಡು ನಿಂತ ಕಟ್ಟಡ. ಒಂದನೇ ಮಹಡಿಯ ಬಾಗಿಲು ನದಿ ರಸ್ತೆಗೆ ತೆರೆಯುತ್ತದೆ, ಹನ್ನೆರಡನೇ ಮಹಡಿಯ ಬಾಗಿಲು ಮೇಲಿನ ರಸ್ತೆಗೆ. ಎರಡೂ ನೆಲವೇ, ಎರಡೂ ಬೀದಿಬಾಗಿಲೇ. ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳೆಲ್ಲ ಮೇಲಿನ ರಸ್ತೆಯಲ್ಲಿ ನಿಲ್ಲುತ್ತವೆ. ಊರು ಬಿಟ್ಟು ಹೊರಡುವವರು ಲಿಫ್ಟಿನಲ್ಲಿ ಮೇಲಕ್ಕೆ ಹೋಗಬೇಕೆಂಬುದು ನಮಗೆ ಹುಟ್ಟಿನಿಂದ ಬಂದ ಬುದ್ಧಿ. ಬಯಲುಸೀಮೆಯವರಿಗೆ ಅದು ಹೇಗೆ ಹೊಳೆಯಬೇಕು? ಫೋನಿನ ನಕ್ಷೆಯಾದರೂ ಹೇಳುತ್ತದೆಯೇ ಎಂದರೆ, ಆ ಪುಣ್ಯಾತ್ಮನಿಗೆ ಮೇಲು ಕೆಳಗು ಎಂಬುದೇ ಗೊತ್ತಿಲ್ಲ. ಎರಡು ಬಾಗಿಲಿಗೂ ಒಂದೇ ಚುಕ್ಕೆ ಇಡುತ್ತದೆ.

ಆ ದಿನದ ಪ್ರಯಾಣಿಕರು ಗೋಂಗ್ ಎಂಬ ಯಜಮಾನರು. ಅವರ ಊರಲ್ಲಿ ಅಂದು ತಂದೆಗೆ ಎಂಬತ್ತು ತುಂಬುವ ಔತಣ. ದೀರ್ಘಾಯುಷ್ಯದ ನೂಡಲ್ಸಿನ ಮೊದಲ ಬಟ್ಟಲನ್ನು ಹಿರಿಮಗ ಎತ್ತಿ ಕೊಡಬೇಕು, ಗೋಂಗ್ ಹಿರಿಮಗ. ರಾನ್ ಅಕ್ಕ ಮೇಲಿನ ಬಾಗಿಲಲ್ಲಿ ಅವರ ಹೆಸರಿನ ಹಲಗೆ ಹಿಡಿದು ಕಾದೇ ಕಾದರು. ಫೋನು ಮಾಡಿದರೆ ಅವರೂ ಬಾಗಿಲಲ್ಲೇ ನಿಂತಿದ್ದೇನೆ ಎಂದರು. ಬಿಳಿ ಕಾರು ಕಾಣುತ್ತಿಲ್ಲವೇ ಎಂದು ಕೇಳಿದ್ದಕ್ಕೆ, ಇಲ್ಲಿ ಕಾರೂ ಇಲ್ಲ ಮಣ್ಣೂ ಇಲ್ಲ, ಎದುರಿಗೆ ನದಿ ಇದೆ ಎಂದು ರೇಗಿದರು. ನದಿ ಎಂದದ್ದೇ ತಡ, ಅವರು ನಿಂತಿರುವುದು ಕೆಳಗಿನ ಬಾಗಿಲಲ್ಲಿ ಎಂದು ಅಕ್ಕನಿಗೆ ಹೊಳೆಯಿತು. ಅಷ್ಟರಲ್ಲಿ ಗೋಂಗ್ ಸಿಟ್ಟಿನಲ್ಲಿ ಫೋನು ಇಟ್ಟುಬಿಟ್ಟಿದ್ದರು, ಮತ್ತೆ ಎತ್ತಲಿಲ್ಲ. ಸೇತುವೆ ದಾಟಿ ಸುತ್ತಿಬಳಸಿ ಕಾರು ನದಿ ರಸ್ತೆಗೆ ಇಳಿಯುವ ಹೊತ್ತಿಗೆ ವಾಹನಗಳು ಗಿಜಿಗುಟ್ಟುತ್ತಿದ್ದವು. ಗೋಂಗ್ ವಿಮಾನ ತಪ್ಪಿಸಿಕೊಂಡರು. ಅವರು ಮನೆ ಮುಟ್ಟಿದಾಗ ನೆಂಟರೆಲ್ಲ ಎದ್ದು ಹೋಗಿ, ಮುದುಕರು ಮಲಗಿಬಿಟ್ಟಿದ್ದರಂತೆ. ದೂರಿನಲ್ಲಿ ಅದನ್ನೂ ಬರೆದಿದ್ದರು.

“ಬೈದಿದ್ರೆ ಬೇಜಾರಾಗ್ತಿರ್ಲಿಲ್ಲ. ಆ ನೂಡಲ್ಸಿನ ಮಾತು ಬರೆದಿದ್ರಲ್ಲ, ಅದು ಚುಚ್ಚಿಬಿಡ್ತು. ಯಾವ ಮಹಡಿ ಅಂತ ಮೊದಲೇ ಒಂದು ಮಾತು ಕೇಳೋಕೆ ನನಗೇನಾಗಿತ್ತು ಧಾಡಿ?” ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ರಾನ್ ಅಕ್ಕ ಇದನ್ನು ಕಾರಿನ ಡಿಕ್ಕಿ ತೆರೆಯುತ್ತ ಹೇಳುತ್ತಾರೆ. ಡಿಕ್ಕಿಯಲ್ಲಿ ಆ ಹಲಗೆ ಈಗಲೂ ಇದೆ, ಗೋಂಗ್ ಅವರ ಹೆಸರು ಹಾಗೇ ಇದೆ. ಒರೆಸಲು ಕೈ ಬಂದಿಲ್ಲ. ಹೊಸ ಪ್ರಯಾಣಿಕರ ಹೆಸರಿಗೆಂದು ಬೇರೆ ಹಲಗೆ ತಂದುಕೊಂಡಿದ್ದಾರೆ.

ಹಲಗೆಯ ಪಕ್ಕದಲ್ಲಿ ಇನ್ನೊಂದು ವಸ್ತುವಿದೆ. ಸೊಂಟದೆತ್ತರದ ಕೋಲು, ತುದಿಯಲ್ಲಿ ಅಡ್ಡಪಟ್ಟಿ. ಅವರ ತಂದೆಯದು. ಈ ಊರಿನ ಮೆಟ್ಟಿಲುಗಳ ಮೇಲೆ ಬೆನ್ನಿಗೆ ಮರದ ಚೌಕಟ್ಟು ಕಟ್ಟಿಕೊಂಡು ಕಲ್ಲಿದ್ದಲು, ಅಕ್ಕಿ, ಬೀರು, ಮಂಚ ಎಲ್ಲವನ್ನೂ ಹೊತ್ತ ಹಮಾಲಿ ಅವರು. ದಣಿವಾದಾಗ ಹೊರೆಯನ್ನು ಕೆಳಗಿಡುವಂತಿಲ್ಲ. ಕೋಲನ್ನು ಹಿಂದಕ್ಕೆ ಊರಿ, ಚೌಕಟ್ಟನ್ನು ಅದರ ಮೇಲೆ ಆನಿಸಿ, ನಿಂತಲ್ಲೇ ಉಸಿರು ತೆಗೆದುಕೊಳ್ಳಬೇಕು. ನಮ್ಮ ದಾರಿಬದಿಯಲ್ಲಿ ಹೊರೆ ಆನಿಸಲು ನೆಟ್ಟ ಹೊರೆಗಲ್ಲಿನ ಕೆಲಸವನ್ನು ಕೋಲೇ ಮಾಡುತ್ತದೆ ಅನ್ನಿ. ಹೊರೆ ನೆಲ ಮುಟ್ಟುವುದು ಯಜಮಾನನ ಹೊಸ್ತಿಲಲ್ಲಿ ಮಾತ್ರ, ನಡುದಾರಿಯಲ್ಲಿ ಇಟ್ಟವನನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ. ಮಗಳು ಮೊದಲು ಸ್ಟೀರಿಂಗ್ ಹಿಡಿದ ದಿನ ತಂದೆ ಈ ಕೋಲು ಕೊಟ್ಟರು. ಕಾರಿಗೆ ಕೋಲು ಯಾಕಪ್ಪ ಎಂದು ಕೇಳಿದ್ದಕ್ಕೆ, ಇರಲಿ ಇಟ್ಟಿರು, ಅನ್ನ ಕೇಳುತ್ತದೆಯೇ ಎಂದರಂತೆ.

ಗೋಂಗ್ ಪ್ರಸಂಗದ ಮೇಲೆ ರಾನ್ ಅಕ್ಕ ಒಂದು ಏರ್ಪಾಡು ಮಾಡಿದ್ದಾರೆ. ತಂದೆಯ ಜೊತೆಗಾರ ಶ್ಯಾಂಗ್ ತಾತ, ಎಪ್ಪತ್ತರ ಗಡಿ ದಾಟಿದವರು, ಇವತ್ತಿಗೂ ನದಿ ರಸ್ತೆಯಲ್ಲಿ ಚೌಕಟ್ಟು ಇಟ್ಟುಕೊಂಡು ಹೊರೆಗಾಗಿ ಕಾಯುತ್ತಾರೆ. ತಾವು ಮೇಲಿನ ಬಾಗಿಲಲ್ಲಿ, ತಾತ ಹೊಸ ಹಲಗೆ ಹಿಡಿದು ಕೆಳಗಿನ ಬಾಗಿಲಲ್ಲಿ. ಪ್ರಯಾಣಿಕರು ಎಲ್ಲಿ ಹೊರಬಂದರೂ ಒಬ್ಬರು ಸಿಗಬೇಕು. ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತದಲ್ಲ, ಹಾಗೆ.

ಇವತ್ತಿನ ಪ್ರಯಾಣಿಕರು ಲುವಾನ್ ಎಂಬ ಮುದುಕಿ. ಸಮುದ್ರದಂಡೆಯ ಊರಿನ ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಗೆಳತಿಯರ ಜೊತೆ ಊರು ನೋಡಲು ಬಂದು, ಆರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಉಳಿದಿದ್ದರು. ಗೆಳತಿಯರು ರೈಲು ಹತ್ತಿದ್ದಾರೆ, ಮೊಣಕಾಲು ನೋವೆಂದು ಇವರಿಗೆ ವಿಮಾನ. ಹನ್ನೆರಡನೇ ಮಹಡಿಗೆ ಬನ್ನಿ ಎಂದು ರಾನ್ ಅಕ್ಕ ನಿನ್ನೆಯೂ ಹೇಳಿದ್ದಾರೆ, ಇವತ್ತೂ ಹೇಳಿದ್ದಾರೆ. ಮುದುಕಿ ಹೂಂ ಹೂಂ ಎಂದಿದ್ದಾರೆ.

ಅಕ್ಕನ ಫೋನು ಬಡಿದುಕೊಳ್ಳುತ್ತದೆ. ಶ್ಯಾಂಗ್ ತಾತ. ಮುದುಕಿ ಕೆಳಗೇ ಇಳಿದು ಬಂದಿದ್ದಾರೆ. ತಾತ ಅವರನ್ನು ಹಿಡಿದು ಮತ್ತೆ ಲಿಫ್ಟಿಗೆ ಹತ್ತಿಸಹೋದರೆ ಲಿಫ್ಟು ಕೆಟ್ಟು ನಿಂತಿದೆ. ಎರಡೂ ಲಿಫ್ಟು. ರಿಪೇರಿಯವನು ಬರುವುದು ಯಾವಾಗಲೋ ದೇವರೇ ಬಲ್ಲ.

ರಾನ್ ಅಕ್ಕ ಸೇತುವೆಯ ಕಡೆ ನೋಡುತ್ತಾರೆ. ಆಗಲೇ ಕಾರುಗಳು ಒಂದರ ಬಾಲ ಒಂದು ಹಿಡಿದು ನಿಂತಿವೆ. ಸುತ್ತಿ ಹೋದರೆ ಗೋಂಗ್ ಅವರ ಕಥೆಯೇ. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹೊತ್ತಿನಲ್ಲಿ ಕಾರು ಬಿಟ್ಟು ಹೋಗುವಂತಿಲ್ಲ ಎಂಬುದೂ ಕಂಪನಿಯ ಕಟ್ಟಪ್ಪಣೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಾರಿನ ಕೀಲಿಯನ್ನು ನೂಡಲ್ಸ್ ಅಂಗಡಿಯ ಗಲ್ಲಾದ ಮೇಲೆ ಇಟ್ಟು, ಡಿಕ್ಕಿಯಿಂದ ಕೋಲು ತೆಗೆದುಕೊಂಡು, ಕಟ್ಟಡದ ಬದಿಯ ಕಲ್ಲುಮೆಟ್ಟಿಲು ಇಳಿಯತೊಡಗಿದ್ದಾರೆ. ನಾನು ಹಿಂದೆ ಓಡುತ್ತೇನೆ. ವರದಿಗಾರನ ಬಾಳೇ ಹಾಗೆ, ಬೆಳಗಿನ ನೂಡಲ್ಸೂ ನೆಮ್ಮದಿಯಾಗಿ ಇಳಿಯುವುದಿಲ್ಲ.

ಕೆಳಗೆ ಲುವಾನ್ ಅಮ್ಮ ತಮ್ಮ ಸೂಟ್‌ಕೇಸಿನ ಮೇಲೆ ಕೂತು ನದಿ ನೋಡುತ್ತಿದ್ದಾರೆ. ಮನೆಯಿಂದ ಹೊರಗೆ ಹೋಗುವುದೆಂದರೆ ಕೆಳಗೆ ಇಳಿಯುವುದು ತಾನೇ ಎಂದು ನಮ್ಮನ್ನೇ ಗದರುತ್ತಾರೆ. ವಿಮಾನ ತಪ್ಪಿದರೆ ತಮ್ಮ ಕೋಳಿಗಳ ಗತಿಯೇನು, ಪಕ್ಕದ ಮನೆಯವಳು ಅವಕ್ಕೆ ಕಾಳು ಹಾಕುವ ಜಾತಿಯಲ್ಲ ಎಂದು ಇನ್ನೊಂದು ಸುತ್ತು ಶುರುವಾಗುತ್ತದೆ. ಶ್ಯಾಂಗ್ ತಾತ ಅಷ್ಟರಲ್ಲಿ ಚೌಕಟ್ಟಿಗೆ ಕೂರಲು ಒಂದು ಮರದ ತುಂಡು ಕಟ್ಟಿ, ಮೇಲೆ ತಮ್ಮ ಕೋಟು ಮಡಿಸಿ ಹಾಸಿ, ಮುದುಕಿಯನ್ನು ಬೆನ್ನಿಗೇರಿಸಲು ಬಾಗಿದ್ದಾರೆ. ರಾನ್ ಅಕ್ಕ ಚೌಕಟ್ಟನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತಾರೆ.

“ನಿನಗೆ ಆಗಲ್ಲ ಪುಟ್ಟಿ. ಕಾರಿನಲ್ಲಿ ಕೂತು ಕೂತು ಸೊಂಟ ಹೋಗಿದೆ ನಿಂದು.”

“ಪ್ರಯಾಣಿಕರು ನಿಮ್ಮವರಲ್ಲ ತಾತ, ನನ್ನವರು. ಹಿಂದಿನಿಂದ ಒಂದು ಕೈ ಕೊಡಿ, ಸಾಕು.”

ಹೆಸರಿನ ಹಲಗೆಯ ಜೊತೆಗೆ ಸೂಟ್‌ಕೇಸೂ ನನ್ನ ಪಾಲಿಗೆ ಬರುತ್ತದೆ. ಅದರೊಳಗೆ ಮುದುಕಿ ಊರಿನ ಗುಡ್ಡವನ್ನೇ ತುಂಬಿಕೊಂಡಿದ್ದಾರೆಂದು ನನ್ನ ಗುಮಾನಿ. ರಾನ್ ಅಕ್ಕ ಮೊದಲ ಮೆಟ್ಟಿಲಿಗೆ ಹೆಜ್ಜೆ ಇಡುತ್ತಾರೆ. ಬೆನ್ನ ಮೇಲೆ ಹಿಂದುಮುಂದಾಗಿ ಕೂತ ಲುವಾನ್ ಅಮ್ಮ ನಾಚಿಕೆಗೋ ಭಯಕ್ಕೋ ಕಣ್ಣು ಮುಚ್ಚಿಕೊಂಡಿದ್ದಾರೆ, ಬಾಯಿ ಮಾತ್ರ ಮುಚ್ಚಿಲ್ಲ.

“ನನ್ನನ್ನೇನು ಮೂಟೆ ಅಂದ್ಕೊಂಡ್ಯೇನೇ?”

“ಮೂಟೆ ಆಗಿದ್ರೆ ಸುಮ್ಮನಿರ್ತಿತ್ತು ದೊಡ್ಡಮ್ಮ.”

ಮೊದಲ ತಿರುವಿನಲ್ಲಿ ರಾನ್ ಅಕ್ಕ ಕೋಲು ಊರಿ ಚೌಕಟ್ಟನ್ನು ಆನಿಸಿ ನಿಲ್ಲುತ್ತಾರೆ. ಆ ಕೋಲು ಊರುವ ರೀತಿ ನೋಡಿದರೆ ಅವಳ ಅಪ್ಪನೇ ನಿಂತ ಹಾಗಿತ್ತು ಎಂದು ಶ್ಯಾಂಗ್ ತಾತ ಆಮೇಲೆ ನನ್ನ ಹತ್ತಿರ ಹೇಳಿದರು. ಎರಡನೇ ತಿರುವು, ಮೂರನೇ ತಿರುವು. ಅಕ್ಕನ ಕತ್ತಿನ ನರ ಉಬ್ಬಿದೆ. ಆಗ ಫೋನು ಬರುತ್ತದೆ. ಎರಡೂ ಕೈ ತುಂಬಿರುವುದರಿಂದ ಸೂಟ್‌ಕೇಸು ಇಟ್ಟು ನಾನೇ ಅವರ ಕಿವಿಗೆ ಹಿಡಿಯುತ್ತೇನೆ. ಮ್ಯಾನೇಜರ್ ಲಿಯಾವ್. ಕಾರು ಅಲ್ಲಾಡುತ್ತಿಲ್ಲವೇಕೆ, ಪ್ರಯಾಣಿಕರು ಬಂದಿಲ್ಲವೆಂದು ಗುರುತು ಹಾಕಿ ಹೊರಡಬಹುದಲ್ಲ ಎನ್ನುತ್ತಾರೆ.

ಕಂಪನಿಯ ನಕ್ಷೆಯಲ್ಲಿ ಕಾರೂ ರಾನ್ ಅಕ್ಕನೂ ಒಂದೇ ಚುಕ್ಕೆ. ಕಾರಿನಲ್ಲೇ ಕೂತಿದ್ದೇನೆ ಎಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಉಳಿಯುತ್ತದೆ. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

“ಕಾರು ಬಿಟ್ಟು ಬಂದಿದೀನಿ ಸರ್. ಮೆಟ್ಟಿಲ ಮೇಲಿದೀನಿ. ಪ್ರಯಾಣಿಕರು ನನ್ನ ಬೆನ್ನ ಮೇಲಿದಾರೆ.”

ಎಲ್ಲಿ ಎಂದಿರಿ ಎಂದು ಲಿಯಾವ್ ಮತ್ತೆ ಕೇಳುತ್ತಾರೆ. ಉತ್ತರ ಬೆನ್ನ ಮೇಲಿಂದ ಬರುತ್ತದೆ.

“ಬೆನ್ನ ಮೇಲೆ ಕಣಪ್ಪಾ, ಬೆನ್ನ ಮೇಲೆ! ಫೋನಿಡು ಮೊದಲು. ಇವಳಿಗೆ ಉಸಿರು ಬೇಕಾಗಿದೆ.”

ಹನ್ನೆರಡನೇ ಮಹಡಿಯ ಬಾಗಿಲಿನ ಮುಂದೆ ಕಾರಿನ ಬಾಗಿಲು ತೆರೆದಿದೆ. ಅಂಗಡಿಯಾಕೆ ಸೌಟು ಹಿಡಿದೇ ಕಾವಲು ನಿಂತಿದ್ದಾರೆ. ನಡುದಾರಿಯಲ್ಲಿ ಒಮ್ಮೆಯೂ ನೆಲ ಮುಟ್ಟದ ಲುವಾನ್ ಅಮ್ಮನ ಕಾಲು ಈಗ ಕಾರಿನೊಳಗೇ ಇಳಿಯುತ್ತದೆ. ರಾನ್ ಅಕ್ಕ ಬಗ್ಗಿ ಮೊಣಕಾಲು ಹಿಡಿದು ಕೆಮ್ಮುತ್ತಾರೆ, ನೆಟ್ಟಗಾಗುತ್ತಾರೆ, ಫ್ಲಾಸ್ಕು ತೆರೆಯುತ್ತಾರೆ. ಮೊದಲು ಬಿಸಿನೀರು, ಆಮೇಲೆ ಮಾತು. ಆ ಕ್ಷಣದಲ್ಲಿ ನನಗಾದ ಹೆಮ್ಮೆಯನ್ನು ಮುಚ್ಚಿಡುವುದೇಕೆ? ಇವರು ನಮ್ಮೂರಿನವರು ಎಂದು ಬೀದಿಯಲ್ಲಿ ಕೂಗಿ ಹೇಳೋಣ ಅನ್ನಿಸಿತು.

ನಾವು ವಿಮಾನ ನಿಲ್ದಾಣ ಮುಟ್ಟಿದಾಗ ಹತ್ತುವವರ ಸಾಲು ಇನ್ನೂ ಶುರುವಾಗಿಲ್ಲ. ಒಳಗೆ ಬಿಡುವ ಗಾಜಿನ ಬಾಗಿಲ ತನಕ ಅಕ್ಕ ಮುದುಕಿಯ ತೋಳು ಹಿಡಿದು ಹೋಗುತ್ತಾರೆ. ಲುವಾನ್ ಅಮ್ಮ ಚೀಲದಿಂದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟು, ನನ್ನ ಕೋಳಿಗಳು ನಿನ್ನ ಹೆಸರು ಹೇಳಿಕೊಂಡು ಕಾಳು ತಿನ್ನುತ್ತವೆ ಎಂದು ಆಶೀರ್ವದಿಸಿ ಒಳಗೆ ಹೋಗುತ್ತಾರೆ.

ಮೊಟ್ಟೆ ಸುಲಿಯುತ್ತಿರುವಾಗ ಲಿಯಾವ್ ಅವರ ಫೋನು ಮತ್ತೆ ಬರುತ್ತದೆ. ಮುದುಕಿ ಒಳಗೆ ಕೂತು ಕಂಪನಿಗೆ ಫೋನಿನಲ್ಲಿ ಅಕ್ಕನನ್ನು ಉದ್ದಕ್ಕೆ ಹೊಗಳಿ ಹೇಳಿ ಕಳಿಸಿದ್ದಾರೆ. ರಾನ್ ಸೂಯುನ್ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಇನ್ನೊಂದು ಮಾತು, ಗೋಂಗ್ ಅವರ ಹಳೆಯ ದೂರನ್ನೂ ತೆಗೆದುಹಾಕಬಹುದು, ತೆಗೆಯಲೇ ಎಂದು ಲಿಯಾವ್ ಕೇಳುತ್ತಾರೆ.

“ಬೇಡ ಸರ್. ಅದು ಇರಲಿ,” ಎನ್ನುತ್ತಾರೆ ರಾನ್ ಅಕ್ಕ. “ಅವತ್ತಿನ ತಪ್ಪು ನಂದೇ. ಇವತ್ತು ಒಬ್ಬರನ್ನ ಹೊತ್ತೆ ಅಂತ ಅವತ್ತು ನಾನು ಬಿಟ್ಟವರು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದ ಹಾಗಾಗಲ್ಲ.”

ಫೋನು ಜೇಬಿಗೆ ಹಾಕಿ ಡಿಕ್ಕಿ ತೆರೆಯುತ್ತಾರೆ. ಲುವಾನ್ ಅಮ್ಮನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಲಗೆಯನ್ನು ಖಾಲಿ ಮಾಡುತ್ತಾರೆ. ಅಪ್ಪನ ಕೋಲನ್ನು ಅದರ ಜಾಗದಲ್ಲಿ ಮಲಗಿಸುತ್ತಾರೆ. ಗೋಂಗ್ ಅವರ ಹೆಸರಿನ ಹಲಗೆಯ ಮೇಲೆ ಕೂತ ಧೂಳನ್ನು ಮಾತ್ರ, ಅಕ್ಷರಕ್ಕೆ ತಾಗದಂತೆ, ಅಂಚಿನಿಂದ ಅಂಚಿಗೆ ಒರೆಸುತ್ತಾರೆ. ಇಷ್ಟೆಲ್ಲ ಆದಮೇಲೆ ನಿಮಗೆ ಇನ್ನೇನು ಆಸೆ ಎಂದು ಕೇಳುತ್ತೇನೆ, ನನ್ನ ಕಸುಬಿನ ಮಾಮೂಲಿ ಪ್ರಶ್ನೆ.

“ಗೋಂಗ್ ಅವರು ಇನ್ನೊಂದು ಸಲ ನಮ್ಮೂರಿಗೆ ಬರಬೇಕು,” ಎನ್ನುತ್ತಾರೆ. “ಕಾರು ಮೇಲೆ ಇರ್ಲಿ, ಶ್ಯಾಂಗ್ ತಾತ ನೋಡ್ಕೊಳ್ತಾರೆ. ಕೆಳಗಿನ ಬಾಗಿಲಲ್ಲಿ ನಾನು ನಿಂತಿರ್ತೀನಿ.”