ಅಪ್ಪನ ಕೋಟಿನ ಕಾಜ ಯಾವ ಕಡೆಗೆ?

ಬೆಳಗಿನ ಆರೂವರೆ. ಮೆಲ್ಬರ್ನಿನ ಕಾರ್ಲೈಲ್ ಬೀದಿಯಲ್ಲಿ ಬೆಳಕು ಹರಿಯುತ್ತಿದೆ. ವಠಾರದ ಹಿಂಬದಿಯಲ್ಲಿ, ಎಲ್ಲ ಮನೆಯವರೂ ಬಟ್ಟೆ ಒಗೆಯುವ ಕೋಣೆಯಲ್ಲಿ, ಎಂಬತ್ತನಾಲ್ಕು ವರ್ಷದ ಗಿಟ್ಲಾ ಬ್ಲುಮ್‌ಶ್ಟೈನ್ ಒಂದು ಕೋಟಿನ ಗುಂಡಿ ಕೀಳುತ್ತಿದ್ದಾರೆ. ಕೋಟು ಬಟ್ಟೆಯದಲ್ಲ, ಎಣ್ಣೆಬಣ್ಣದ್ದು. ಹಲಗೆಯ ಮೇಲೆ ಬರೆದ ಕರಿಯ ಉದ್ದನೆಯ ಕೋಟು. ಹೊಲಿಗೆ ಬಿಚ್ಚುವ ಚಿಕ್ಕ ಬ್ಲೇಡಿನಿಂದ ಒಣಗಿದ ಬಣ್ಣವನ್ನು ಸಿಪ್ಪೆ ಸುಲಿದ ಹಾಗೆ ಎಬ್ಬಿಸುತ್ತಾರೆ, ಊದುತ್ತಾರೆ, ಮತ್ತೆ ಕೆರೆಯುತ್ತಾರೆ.

ಬಾಗಿಲ ಬಳಿ ಮಗುಚಿಟ್ಟ ಬುಟ್ಟಿಯ ಮೇಲೆ ಲೇಬ್ ಕುಪರ್‌ಮನ್ ಕೂತಿದ್ದಾರೆ. ವಯಸ್ಸು ಎಂಬತ್ತೇಳು, ಒಂದೇ ಕಾರ್ಖಾನೆಯಲ್ಲಿ ಗಿಟ್ಲಾ ಹೊಲಿದ ಕೋಟುಗಳಿಗೆ ಇಪ್ಪತ್ತು ವರ್ಷ ಇಸ್ತ್ರಿ ಹಾಕಿದವರು. ಹಲ್ಲಿನ ನಡುವೆ ಸಕ್ಕರೆ ಹೆಂಟೆ ಕಚ್ಚಿಕೊಂಡು ನಿಂಬೆ ಹಾಕಿದ ಚಹಾ ಹೀರುತ್ತಾರೆ. ಬೆಳಗಾದರೆ ಅವರಿಗೆ ಇಲ್ಲಿಯ ಚಹಾ ಆಗಬೇಕು, ಜೊತೆಗೆ ಗಿಟ್ಲಾರನ್ನು ಒಂದೆರಡು ಮಾತು ಕೆಣಕಬೇಕು.

"ಮೂವತ್ತೆಂಟು ವರ್ಷ ಹೊಲಿದೆ ನೀನು, ಒಂದು ಗುಂಡಿ ವಾಪಸ್ ಬರ್ಲಿಲ್ಲ. ಈಗ ನೋಡು, ಹನ್ನೆರಡು ಕೋಟು ವಾಪಸ್ಸು" ಎನ್ನುತ್ತಾರೆ ಲೇಬ್.

"ನೀನು ಸುಟ್ಟ ಕಾಲರುಗಳ ಲೆಕ್ಕ ತೆಗೀಲಾ? ಸುಮ್ನೆ ಚಹಾ ಕುಡಿ."

ಹನ್ನೆರಡೂ ಕೋಟುಗಳು ಒಬ್ಬನವೇ, ಗಿಟ್ಲಾರ ಅಪ್ಪನವು. ಹನ್ನೊಂದು ಈ ಕೋಣೆಯ ಗೋಡೆಗೆ ಒರಗಿ ನಿಂತಿವೆ. ಹನ್ನೆರಡನೆಯದು ನಾಲ್ಕು ಬೀದಿ ಆಚೆ ಯೆಹೂದಿ ಸಮುದಾಯ ಭವನದ ಗೋಡೆಯ ಮೇಲಿದೆ. ಬರುವ ಭಾನುವಾರ ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಸ್ಮರಣೆ. ಸತ್ತವರ ಹೆಸರು ಓದಿ ದೀಪ ಹಚ್ಚುವಾಗ ಜನ ನಿಲ್ಲುವುದು ಆ ಚಿತ್ರದ ಎದುರಿಗೇ. ಆ ಕೋಟಿನ ಗುಂಡಿಯನ್ನು ಅಷ್ಟರೊಳಗೆ ಸರಿಮಾಡಬೇಕು. ಗಿಟ್ಲಾರಿಗೆ ಮೂರು ವಾರದಿಂದ ಬೇರೆ ಯೋಚನೆಯೇ ಇಲ್ಲ.

ಯಾವ ಚಿತ್ರದಲ್ಲೂ ಅಪ್ಪನಿಗೆ ಮುಖವಿಲ್ಲ. ಗಡ್ಡದ ತುದಿಯವರೆಗೆ ಬಂದು ಹಲಗೆ ಮುಗಿಯುತ್ತದೆ. ಯಾಕೆಂದು ಕೇಳಿದವರಿಗೆ ಅವರದು ಒಂದೇ ಉತ್ತರ. "ನೆನಪಿಲ್ಲ. ಫೋಟೊ ಒಂದೂ ಉಳೀಲಿಲ್ಲ. ನೆನಪಿಲ್ಲದ್ದನ್ನ ಬರೆದ್ರೆ ಅದು ಯಾರೋ ಆಗ್ತಾನೆ. ಕೋಟು ನೆನಪಿದೆ, ಕೋಟು ಬರೀತೀನಿ."

ಅಪ್ಪ ಪೋಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ದರ್ಜಿ. ಗಡ್ಡ ಬಿಟ್ಟ, ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ತಪ್ಪಿಸದ, ಹಸೀದಿ ಎಂಬ ಸಂಪ್ರದಾಯಸ್ಥ ಯೆಹೂದಿ ಪಂಥದವನು. ಎಂಟು ವರ್ಷದ ಮಗಳ ಕೈಗೆ ತುಂಡುಬಟ್ಟೆ ಕೊಟ್ಟು, ಗುಂಡಿ ತೂರಿಸುವ ಕಾಜ ಹಾಕುವುದು ಕಲಿಸಿದ್ದ. ಜರ್ಮನ್ ಸೈನಿಕರು ಯೆಹೂದಿಗಳೆಲ್ಲ ಚೌಕಕ್ಕೆ ಬರಬೇಕೆಂದು ಕೂಗಿಸಿದ ಬೆಳಿಗ್ಗೆ ಗಿಟ್ಲಾರಿಗೆ ಹನ್ನೆರಡು. ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಅಪ್ಪ ಹೇಳಿದ, "ವಯಸ್ಸು ಕೇಳಿದ್ರೆ ಹದಿನೈದು ಅನ್ನು. ಕಾಜ ಹಾಕೋಕೆ ಬರತ್ತೆ ಅನ್ನು." ಗಿಟ್ಲಾ ಹಾಗೇ ಅಂದರು. ಅವರನ್ನು ಒಂದು ಸಾಲಿಗೆ ತಳ್ಳಿದರು. ಅಪ್ಪ, ಅಮ್ಮ, ಇಬ್ಬರು ತಮ್ಮಂದಿರನ್ನು ಇನ್ನೊಂದಕ್ಕೆ. ಆ ಇನ್ನೊಂದು ಸಾಲು ಅದೇ ಸಂಜೆ ರೈಲು ಹತ್ತಿತು. ಅದರಲ್ಲಿ ಹೋದ ಒಬ್ಬರೂ ಹಿಂದಿರುಗಲಿಲ್ಲ.

ಗಿಟ್ಲಾ ಮೂರು ವರ್ಷ ಜರ್ಮನ್ನರ ಸೆರೆಶಿಬಿರದ ಹೊಲಿಗೆಮನೆಯಲ್ಲಿ, ತಮ್ಮವರನ್ನು ಕೊಂದವರ ಸಮವಸ್ತ್ರಕ್ಕೆ ಕಾಜ ಹಾಕಿದರು. ಆ ದಿನಗಳ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. "ಸೂಜಿ ಮುರಿದ್ರೆ ಹೊಡೀತಿದ್ರು, ಅದಕ್ಕೇ ಮುರೀಲಿಲ್ಲ" ಎಂದಷ್ಟೇ ಹೇಳಿ ಚಹಾ ಬಗ್ಗಿಸಲು ಏಳುತ್ತಾರೆ.

ಇಪ್ಪತ್ತನೆಯ ವಯಸ್ಸಿನಲ್ಲಿ ಹಡಗು ಹತ್ತಿ ಮೆಲ್ಬರ್ನಿಗೆ ಬಂದರು. ಬಂದ ಐದನೆಯ ದಿನಕ್ಕೆ ಫ್ಲಿಂಡರ್ಸ್ ಓಣಿಯ ಗಂಡಸರ ಕೋಟಿನ ಕಾರ್ಖಾನೆಯಲ್ಲಿ ಕೆಲಸ. ಮೇಸ್ತ್ರಿಗೆ ಗಿಟ್ಲಾ ಎನ್ನಲು ನಾಲಿಗೆ ಹೊರಳದೆ "ಗರ್ಟಿ" ಎಂದು ಕರೆದ, ನಿವೃತ್ತಿಯವರೆಗೂ ಗರ್ಟಿಯೇ ಆದರು. ಮೊದಮೊದಲು ಕೈಯಲ್ಲಿ ದಿನಕ್ಕೆ ಅರವತ್ತು ಕಾಜ, ಯಂತ್ರ ಬಂದ ಮೇಲೆ ಆರುನೂರು. ಗಂಡಸರ ಕೋಟಾದ್ದರಿಂದ ಎಲ್ಲವೂ ಎಡಭಾಗಕ್ಕೆ. ಎಡಮಡಿಕೆ ಮೇಲೆ, ಬಲಮಡಿಕೆ ಕೆಳಗೆ. ಹೆಂಗಸರದು ಇದಕ್ಕೆ ತಿರುಗುಮುರುಗು. ಇದು ಹೊಲಿಗೆಯ ಅ ಆ ಇ ಈ.

ಗಿಟ್ಲಾರಿಗೆ ಎಪ್ಪತ್ತೊಂದಾಗಿದ್ದಾಗ ಗಂಡ ಹೆನಿಕ್ ತೀರಿಕೊಂಡರು. ಮನೆಯಲ್ಲಿ ಕೂತು ಗೋಡೆ ನೋಡಬೇಡ ಎಂದು ಮಗಳು ಮಂಗಳವಾರದ ಚಿತ್ರಕಲೆ ತರಗತಿಗೆ ಹೆಸರು ಬರೆಸಿದಳು. ಮೊದಲ ದಿನ ಮೇಷ್ಟ್ರು ಮುಂದಿಟ್ಟ ಸೇಬನ್ನು ಎಲ್ಲರೂ ಬರೆದರು. ಗಿಟ್ಲಾ ಸೇಬಿನ ಕೆಳಗೆ ಹಾಸಿದ್ದ ಬಟ್ಟೆಯನ್ನು ಬರೆದರು, ನೂಲು ಬಿಟ್ಟಿದ್ದ ಅಂಚಿನ ಸಮೇತ. ಅಲ್ಲಿಂದ ಹದಿಮೂರು ವರ್ಷದಲ್ಲಿ ನೂರ ನಲವತ್ತು ಚಿತ್ರ. ಅಮ್ಮನ ಏಪ್ರನ್ನು, ತಮ್ಮನ ತೇಪೆ ಹಾಕಿದ ಚಡ್ಡಿ, ಪಕ್ಕದ ಮನೆಯವಳ ಶಾಲು. ಈಗಲೂ ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿ, ದರ್ಜಿಯ ಸೀಮೆಸುಣ್ಣದಲ್ಲಿ ಗುರುತು ಹಾಕಿಯೇ ಬಣ್ಣ ಮುಟ್ಟುವುದು. ಒಂದೇ ಒಂದು ಚಿತ್ರ ಮಾತ್ರ ಕೂಡಿಬರಲಿಲ್ಲ: ಬಾಗಿಲಲ್ಲಿ ಗುಂಡಿ ಹಾಕಿಕೊಳ್ಳುವ ಅಪ್ಪ. ಕೈ ಬರೆದಾಗಲೆಲ್ಲ ಬೆರಳುಗಳು ಗಂಟು ಬಿದ್ದಂತೆ ಕಾಣುತ್ತಿದ್ದವು. ಸಾಕಾಗಿ ಹನ್ನೆರಡು ಸಲವೂ ಕೈಗಳನ್ನು ಜೇಬಿಗೆ ಹಾಕಿಸಿದರು.

ಮೂರು ವಾರದ ಹಿಂದೆ ಒಂದು ಶುಕ್ರವಾರ, ಯೆಹೂದಿಗಳ ವಾರದ ಪವಿತ್ರದಿನ ಸಬ್ಬತ್ತಿಗೆ ತಿನ್ನುವ ಹೆಣೆದ ಬ್ರೆಡ್ಡಿಗಾಗಿ ಬೇಕರಿಯ ಸಾಲಿನಲ್ಲಿ ನಿಂತಿದ್ದರು. ("ದೇವರ ಜೊತೆ ಮಾತು ಬಿಟ್ಟು ಎಪ್ಪತ್ತು ವರ್ಷ ಆಯ್ತು. ಬ್ರೆಡ್ಡಿನ ಜೊತೆ ಬಿಟ್ಟಿಲ್ಲ.") ಮುಂದೆ ನಿಂತಿದ್ದ ಗಡ್ಡದ ಹಸೀದಿಯೊಬ್ಬನ ಕೋಟಿನಿಂದ ಗುಂಡಿಯೊಂದು ಕಿತ್ತು ಇವರ ಕಾಲ ಬಳಿ ಉರುಳಿತು. ಗಿಟ್ಲಾರ ಕಾಲರಿನಲ್ಲಿ ಸೂಜಿ ದಾರ ಇಲ್ಲದ ದಿನವಿಲ್ಲ. "ಕೊಡಪ್ಪ, ಎರಡು ನಿಮಿಷ" ಎಂದರು. ಪರಹೆಂಗಸಿನ ಕೈಗೆ ಕೈ ತಾಗಬಾರದು ಎನ್ನುವವನು ಆತ. ಕೋಟು ಬಿಚ್ಚಿ ಬ್ರೆಡ್ಡಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿದ. ಗಿಟ್ಲಾ ಎತ್ತಿಕೊಂಡರು, ಕಿತ್ತ ಜಾಗ ಹುಡುಕಿದರು. ಗುಂಡಿಯ ಸಾಲು ಇದ್ದದ್ದು ಎಡಕ್ಕೆ, ಕಾಜ ಬಲಕ್ಕೆ.

"ಯಾವನಪ್ಪ ನಿನ್ನ ದರ್ಜಿ? ಗಂಡಸಿಗೆ ಹೆಂಗಸಿನ ಕೋಟು ಹೊಲಿದಿದ್ದಾನೆ."

ಆತ ನಕ್ಕ. "ನಮ್ಮಲ್ಲಿ ಹಾಗೇ ಅಜ್ಜಿ. ಬಲಗಡೆ ಕರುಣೆ, ಎಡಗಡೆ ಕಟ್ಟುನಿಟ್ಟು. ಕರುಣೆ ಮೇಲಿರ್ಲಿ ಅಂತ. ನಮ್ಮಜ್ಜನೂ ಹಾಗೇ ಹಾಕ್ತಿದ್ದ, ಅವರಜ್ಜನೂ ಹಾಗೇ."

ಗಿಟ್ಲಾ ಹೊಲಿದು ಮುಗಿಸಿದರು. ಆತ ಕೋಟು ತೊಟ್ಟು, ಮೇಲಿನಿಂದ ಕೆಳಕ್ಕೆ ಗುಂಡಿ ಹಾಕಿಕೊಂಡ. ಬಾಗಿಲಲ್ಲಿ ಅಪ್ಪ ಹಾಕಿಕೊಂಡದ್ದೂ ಹೀಗೇ, ಬಲಮಡಿಕೆ ಮೇಲೆ. ಆ ಕೈಗಳನ್ನು ನೋಡುತ್ತಾ ನಿಂತ ಗಿಟ್ಲಾರಿಗೆ ಬ್ರೆಡ್ಡು ಕೊಳ್ಳುವುದೇ ಮರೆತುಹೋಯಿತು.

ಈ ಬೀದಿಯಲ್ಲಿ ಅರವತ್ತು ವರ್ಷದಿಂದ ಇದ್ದಾರೆ. ಇಂಥ ಕೋಟಿನವರು ದಿನಕ್ಕೆ ಇಪ್ಪತ್ತು ಜನ ಎದುರಾಗುತ್ತಾರೆ. ಹಾಗಾದರೆ ಬಲಗಡೆಯ ಕಾಜ ಒಮ್ಮೆಯೂ ಕಣ್ಣಿಗೆ ಬೀಳಲಿಲ್ಲವೇ? ಗಿಟ್ಲಾ ಬ್ಲೇಡು ಕೆಳಗಿಡುತ್ತಾರೆ. "ನಾನು ನೋಡ್ತಿರ್ಲಿಲ್ಲ. ದೂರದಲ್ಲಿ ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಿದ್ದೆ. ಹಿಂದಿನಿಂದ ನೋಡಿದ್ರೆ ಎಲ್ಲರೂ ಅಪ್ಪನ ಥರಾನೇ ಇರ್ತಾರೆ. ತಿರುಗಿದ್ರೆ ಅಲ್ಲ. ಎಷ್ಟು ಸಲ ಅಂತ ಸಹಿಸೋದು?"

ಅಪ್ಪನದೆಂದು ಅವರಿಗೆ ಉಳಿದಿದ್ದು ಕೋಟು ಒಂದೇ. ಚಿತ್ರದಲ್ಲಿ ಅದಕ್ಕೂ ಕಾರ್ಖಾನೆಯ ಎಡಗಡೆ ಕಾಜ ಹಾಕಿಬಿಟ್ಟಿದ್ದರು. ಈ ಮಾತು ಹೇಳುವಾಗ ಅವರ ದನಿ ಸಣ್ಣದಾಗುತ್ತದೆ.

ಭವನದ ಕಾರ್ಯದರ್ಶಿ ರೋಸಲಿನ್ ಗೆಲ್ಬಾರ್ಟ್ ಮೊದಲು ಸುತಾರಾಂ ಒಪ್ಪಲಿಲ್ಲ. ಆಕೆಯ ತಾಯಿಯೂ ಶಿಬಿರದಿಂದ ಬದುಕಿ ಬಂದವರೇ. "ಗಿಟ್ಲಾ ಆಂಟಿ, ಇದು ಬರೀ ಚಿತ್ರ ಅಲ್ಲ, ಸಾಕ್ಷಿ. ಏನೂ ನಡೆದೇ ಇಲ್ಲ ಅನ್ನೋ ಜನ ಕಾದು ಕೂತಿದ್ದಾರೆ. ಒಂದು ಗುಂಡಿ ತಿದ್ದಿದ್ರೆ ಎಲ್ಲಾನೂ ತಿದ್ದಿದ್ದೇ ಅಂತಾರೆ. ಗುಂಡಿ ಯಾವ ಕಡೆ ಇದ್ರೆ ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲಮ್ಮ. ತಪ್ಪು ಅಂತ ಗೊತ್ತಾದ ಮೇಲೂ ಸುಮ್ನಿದ್ರೆ ಅದು ಸುಳ್ಳು ಸಾಕ್ಷಿ."

"ಹೊಸದೊಂದು ಬರೀರಿ, ಎರಡೂ ಹಾಕೋಣ."

"ನಂಗೆ ಇಬ್ಬರು ಅಪ್ಪಂದಿರಿರ್ಲಿಲ್ಲ."

ಎರಡು ವಾರ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಗಿಟ್ಲಾ, "ನಾನು ಬದುಕಿರೋವಾಗ್ಲೇ ಬಿಡ್ಲಿಲ್ಲ ಅಂದ್ರೆ, ಸತ್ತ ಮೇಲೆ ಯಾರು ತಿದ್ತಾರೆ?" ಎಂದಾಗ ರೋಸಲಿನ್ ಒಪ್ಪಿದರು. ಒಂದು ಷರತ್ತು ಹಾಕಿದರು: ಹಳೆಯದರ ಫೋಟೊ ತೆಗೆದಿಡಬೇಕು, ಏನು ತಿದ್ದಿದೆ, ಯಾಕೆ ಎಂದು ಹಲಗೆಯ ಬೆನ್ನಿಗೆ ಗಿಟ್ಲಾ ಬರೆದು ಸಹಿ ಮಾಡಬೇಕು.

ಹಾಗಾಗಿ ಈ ಗುರುವಾರ ಹನ್ನೊಂದನೆಯ ಕೋಟನ್ನು ಮುಗಿಸಿ, ಎಂಟೂವರೆಗೆ ಬಣ್ಣದ ಪೆಟ್ಟಿಗೆ ಹಿಡಿದು ಭವನಕ್ಕೆ ಹೊರಡುತ್ತಾರೆ. ಪೆಟ್ಟಿಗೆ ಹೊರುವುದು ಲೇಬ್, ಗೊಣಗುವುದೂ ಅವರೇ. ಚಿತ್ರವನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದ್ದಾರೆ. ಗಿಟ್ಲಾ ಹಳೆಯ ಗುಂಡಿಗಳನ್ನು ಕೆರೆದು, ಸೀಮೆಸುಣ್ಣದಲ್ಲಿ ಬಲಮಡಿಕೆಯನ್ನು ಮೇಲೆ ತರುತ್ತಾರೆ. ಅಲ್ಲಿಗೆ ನಿಲ್ಲುವುದಿಲ್ಲ. ಜೇಬಿನ ಮೇಲೂ ಬ್ಲೇಡು ಓಡುತ್ತದೆ.

"ಆಂಟಿ, ಮಾತಾಗಿದ್ದು ಗುಂಡಿ ಬಗ್ಗೆ. ಕೈ ಬಗ್ಗೆ ಅಲ್ಲ" ಎಂದು ರೋಸಲಿನ್ ಧಾವಿಸುತ್ತಾರೆ.

"ಗುಂಡಿ ತಾನಾಗೇ ಹೋಗಿ ಕೂರತ್ತೇನಮ್ಮ? ಹಾಕೋಕೆ ಕೈ ಬೇಡ್ವಾ?"

ಮಧ್ಯಾಹ್ನ ಎರಡು ಗಂಟೆಗೆ ಕೈಗಳು ಮೂಡಿವೆ. ಸೂಜಿಮೊನೆಗಳಿಂದ ಒರಟಾದ ಬೆರಳುಗಳು, ಎದೆಯ ಹತ್ತಿರ ಎರಡನೆಯ ಗುಂಡಿಯನ್ನು ಕಾಜಕ್ಕೆ ತೂರಿಸುತ್ತಿವೆ. ಎಲ್ಲೂ ಗಂಟಿಲ್ಲ. ರೋಸಲಿನ್ ಪೆನ್ನು ತಂದು ಕೊಡುತ್ತಾರೆ. ಲೇಬ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಗಿಟ್ಲಾ ಹಲಗೆಯ ಬೆನ್ನಿಗೆ ಬರೆದು, ಗರ್ಟಿ ಎಂದಲ್ಲ, ಗಿಟ್ಲಾ ಎಂದು ಸಹಿ ಹಾಕುತ್ತಾರೆ.

ಭಾನುವಾರ ಮುನ್ನೂರು ಜನ ಬರುತ್ತಾರೆ. ಅವರಿಂದ ನಿಮಗೇನು ಬೇಕು ಎಂದರೆ ಗಿಟ್ಲಾ ಬ್ಲೇಡು ಒರೆಸಿ ಪೆಟ್ಟಿಗೆಗೆ ಹಾಕುತ್ತಾ ಹೇಳುತ್ತಾರೆ.

"ಹೊಗಳಿಕೆ ಬೇಡ. ಫ್ಲಿಂಡರ್ಸ್ ಓಣಿಯ ಹಳೇ ದರ್ಜಿ ಒಬ್ಬನಾದ್ರೂ ಬಂದು, ಹತ್ತಿರ ನಿಂತು ನೋಡಿ, 'ಏನಮ್ಮಾ, ಕಾಜ ತಪ್ಪು ಕಡೆಗೆ ಹಾಕಿದ್ದೀಯಲ್ಲ' ಅನ್ಬೇಕು. ಆಗ ನಾನು ಹೇಳ್ಬೇಕು, ಇಲ್ಲಪ್ಪ, ಇದು ನಮ್ಮಪ್ಪ ಅಂತ."