ನಡಾವಳಿಯಲ್ಲಿ ಬಿಟ್ಟುಹೋದ ಒಂದು ಮಾತು

ಮಾನ್ಯ ಓದುಗರಲ್ಲಿ,

ನನ್ನ ಕಾಗುಣಿತದ ದೋಷಗಳನ್ನೂ ಕೈನಡುಕದಿಂದ ಸೊಟ್ಟಗಾದ ಅಕ್ಷರಗಳನ್ನೂ ಮೊದಲಿಗೇ ಮನ್ನಿಸಬೇಕಾಗಿ ವಿನಂತಿ. ಬಹುಕಾಲ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿದ್ದ ನನಗೆ ಪತ್ರ, ನಡಾವಳಿಗಳ ಹೊರತು ಬೇರೆ ಬರವಣಿಗೆ ತಿಳಿಯದು. ಈ ಬರಹಕ್ಕೆ ಕಾರಣವೂ ಒಂದು ನಡಾವಳಿಯೇ ಆಗಿರುತ್ತದೆ.

ನಮ್ಮ ಕಡೆಗೆ ವಿಮಾನ ನಿಲ್ದಾಣ ಬಂದು ಹತ್ತು ವರ್ಷಗಳಾಗಿದ್ದ ಸಮಯ. ದೊಡ್ಡಬಳ್ಳಾಪುರದ ಪಕ್ಕದ ನಮ್ಮೂರಿಗೆ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದರು. ಸಕ್ಕರೆ ಕಾಯಿಲೆಯವರಿಗಾಗಿ ಮೊಬೈಲಿನಲ್ಲಿ ಒಂದು ಆ್ಯಪ್ ಸಿದ್ಧವಾಗುತ್ತಿದೆಯೆಂದೂ, ಅದು ಹೇಗಿರಬೇಕೆಂದು ರೋಗಿಗಳೇ ಹೇಳಬೇಕೆಂದೂ ತಿಳಿಸಿದರು. ನಾನೂ ಸಕ್ಕರೆ ಕಾಯಿಲೆಯವನೇ. ಹತ್ತು ಜನರನ್ನು ಸಂಘದ ಕೊಠಡಿಯಲ್ಲಿ ಸೇರಿಸಿ, ನಡಾವಳಿ ಬರೆಯುವ ಕೆಲಸವನ್ನು ನಾನೇ ಕೇಳಿ ಪಡೆದೆನು.

ಹುಡುಗಿ ಊಟದ ಚಿತ್ರಗಳನ್ನು ತೋರಿಸಿದಾಗ ಹಿರಿಯರೊಬ್ಬರು, "ಈ ಮುದ್ದೆ ಲಡ್ಡು ಇದ್ದಂಗೈತಲ್ಲವ್ವಾ, ನೋಡಿದ್ರೇನೆ ಶುಗರ್ ಏರ್ತದೆ" ಎಂದರು. ಎಲ್ಲರೂ ನಕ್ಕರು. ತಮಾಷೆಯನ್ನು ನಡಾವಳಿಗೆ ಸೇರಿಸುವ ಪದ್ಧತಿಯಿಲ್ಲವಾದ್ದರಿಂದ ನಾನು ಬರೆಯಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮಾತ್ರೆಯ ಗಂಟೆ ಹೊಡೆಯುವುದೆಂದು ಹುಡುಗಿ ವಿವರಿಸಿದಾಗ, ಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ ನಡೆಸುವ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತಳು.

"ಎಂಟಕ್ಕೆ ಅಂದ್ರೆ ನಮಗಾಗಲ್ಲ. ಕರೆಂಟ್ ಇರೋಗಂಟ ಮಗ್ಗ ಬಿಡಂಗಿಲ್ಲ. ಕರೆಂಟ್ ಹೋದ್ಮೇಲೇ ನಮ್ಮ ಊಟ, ಮಾತ್ರೆನೂ ಆವಾಗ್ಲೇ."

ಅದೇ ಹೊತ್ತಿಗೆ ಮೇಲೆ ವಿಮಾನ ಹಾದುಹೋದುದರಿಂದ ಆ ಮಾತು ಹುಡುಗಿಗೆ ಕೇಳಿಸಲಿಲ್ಲ. ಅವರು ನನ್ನತ್ತ ನೋಡಿದರು. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ, ತಾವು ಮುಂದುವರಿಸಿ ಎಂದೆನು. ಬರೆದಿರಲಿಲ್ಲ. ದೂರದಿಂದ ಬಂದವರ ಮುಂದೆ ನಮ್ಮವರು ತಕರಾರು ತೆಗೆದರಲ್ಲಾ ಎಂಬ ಸಂಕೋಚ ಒಂದು. ಆಕ್ಷೇಪಣೆ ಇರುವ ನಡಾವಳಿ ಅಚ್ಚುಕಟ್ಟಲ್ಲವೆಂಬ ಹಳೆಯ ಅಭ್ಯಾಸ ಮತ್ತೊಂದು. "ಚರ್ಚಿಸಿ, ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದು ಎಲ್ಲರ ಸಹಿ ಪಡೆದೆನು. ಹುಡುಗಿ ಆ ಪುಟದ ಫೋಟೋ ತೆಗೆದುಕೊಂಡು ಹೋದರು.

ಆ್ಯಪ್ ಬಂದಿತು. ಡಾಕ್ಟರುಗಳೂ ಸೇರಿ ಮಾಡಿದ್ದೆಂಬ ನಂಬಿಕೆಯಿಂದ ಆ ಮಗ್ಗದ ಹೆಣ್ಣುಮಗಳು ಗಂಟೆ ಹೊಡೆದಂತೆ ಎಂಟಕ್ಕೇ ಮಾತ್ರೆ ನುಂಗತೊಡಗಿದಳು. ದಿನವೂ ಒಂಬತ್ತರೊಳಗೆ ಹೋಗುತ್ತಿದ್ದ ಕರೆಂಟು ಒಂದು ದಿನ ಹನ್ನೊಂದಾದರೂ ಹೋಗಲಿಲ್ಲ. ಹೊಟ್ಟೆಗೇನೂ ಇಲ್ಲದೆ ಸಕ್ಕರೆ ಇಳಿದು, ಮಗ್ಗದ ಪಕ್ಕದಲ್ಲೇ ಬಿದ್ದಳು. ಹಣೆಗೆ ನಾಲ್ಕು ಹೊಲಿಗೆ ಬಿದ್ದವು.

ನೋಡಲು ಹೋದಾಗ ಆಕೆ ಕೇಳಿದಳು: "ಅಣ್ಣ, ಅವತ್ತು ನಾನು ಹೇಳಿದ್ದು ನೀವು ಬರ್ಕೊಂಡ್ರಿ ತಾನೆ?"

"ಬರ್ಕೊಂಡೆ ಕಣಮ್ಮ" ಎಂದೆನು.

ಹಾಗಿದ್ದರೆ ಆ ಬೆಂಗಳೂರಿನವಳೇ ಕಿವಿಗೆ ಹಾಕಿಕೊಂಡಿಲ್ಲ ಎಂದಳು. ನಾನು ಕಾಫಿ ಕುಡಿದು ಬಂದೆನು. ನನಗೆಂದು ಸಕ್ಕರೆ ಹಾಕದೆಯೇ ಮಾಡಿಸಿದ್ದಳು.

ಕೆಲವು ವಾರಗಳ ಬಳಿಕ ಹುಡುಗಿ ಫೋನ್ ಮಾಡಿ, ಆ್ಯಪಿನಲ್ಲಿ ತಿದ್ದಬೇಕಾದುದನ್ನು ಕೇಳಲು ಮತ್ತೊಂದು ಸಭೆ ಕರೆಯಬೇಕೆಂದು ಕೋರಿದರು. ಮಗ್ಗದ ಹೆಣ್ಣುಮಗಳು ಬರಲೊಪ್ಪಲಿಲ್ಲ. ಹೇಳಿದ್ದನ್ನು ಕೇಳದವರ ಮುಂದೆ ಇನ್ನೇನು ಹೇಳುವುದು ಎಂದಳು. ಆಕೆ ಬಾರದಿದ್ದರೆ ಎಂಟರ ಗಂಟೆ ಎಂಟಕ್ಕೇ ಉಳಿಯುತ್ತದೆ. ನಮ್ಮೂರಲ್ಲಿ ಮಗ್ಗದ ಮನೆ ಅದೊಂದೇ ಅಲ್ಲ.

ಮಾರನೆಯ ಬೆಳಿಗ್ಗೆ ನಡಾವಳಿ ಪುಸ್ತಕವನ್ನು ತೆಗೆದುಕೊಂಡು ಹೋಗಿ, ಆ ಪುಟವನ್ನು ತೆರೆದು ಆಕೆಯ ಮುಂದಿಟ್ಟೆನು. ಆ ಹುಡುಗಿಯ ತಪ್ಪೇನೂ ಇಲ್ಲ, ಬರೆಯದವನು ನಾನೇ ಎಂದೆನು. ಆಕೆ ಸಾಲುಸಾಲಿಗೂ ಬೆರಳಿಟ್ಟು ಓದಿದಳು.

"ಇದರ ಕೆಳಗೆ ನನ್ನ ಸಹೀನೂ ಐತಲ್ಲಣ್ಣ."

ಬೈಯಲಿಲ್ಲ. ಈಗ ಬರೆದುಕೊಳ್ಳಿ ಎಂದು ಅದೇ ಮಾತನ್ನು ಮತ್ತೆ ಹೇಳಿದಳು. ನಾನು ಅಕ್ಷರಕ್ಕೆ ಅಕ್ಷರ ಬರೆದೆನು. ಎರಡು ಸಲ ಓದಿಕೊಂಡ ಮೇಲೆಯೇ ಸಹಿ ಹಾಕಿದಳು. ಸಭೆಗೂ ಬಂದಳು. ಆದರೆ ಪುಸ್ತಕವನ್ನು ಮರಳಿ ನನ್ನ ಕೈಗೆ ಕೊಡದೆ ತನ್ನಲ್ಲೇ ಇಟ್ಟುಕೊಂಡಿದ್ದು, ತಾನೇ ತಂದು ಹುಡುಗಿಯ ಮುಂದಿಟ್ಟಳು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಾವೇ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ. ಆಕೆಯ ಮಾತನ್ನು ಮಾತ್ರ ಇದ್ದಂತೆಯೇ ಬಿಡಬೇಕಾಗಿ ಕೋರುತ್ತೇನೆ.